ಹಾಳಿ ಮ್ಯಾಲಿನ ಔಟ್‌ಪುಟ್

ಮೂರು ವರ್ಷ ಬಿಸಿಎ ಓದಿದ್ರೂ ಮಹೇಶ್ವರಿ ಒಂದೇ ಒಂದು ಪ್ರೋಗ್ರಾಂನೂ ತನ್ನ ಕೈಲೆ ಟೈಪ್ ಮಾಡಿ ಓಡಿಸಿದಾಕಿ ಅಲ್ಲ. ನಗಬ್ಯಾಡ್ರಿ, ಖರೇ ಮಾತು. 2003ರಾಗ ಗಂಗಾವತಿಯ ಆ ಕಾಲೇಜಿನಾಗ ಒಂದು ಕಂಪ್ಯೂಟರಿಗೆ ಮೂರು ಮಂದಿ. ಕೀಬೋರ್ಡ್ ಮುಂದ ರುದ್ರೇಶ ಅನ್ನೋ ಹುಡುಗ ಗಟ್ಟಿಯಾಗಿ ಕುಂತುಬಿಡಾಂವ. "ನಿನ್ನ ಅಕ್ಷರ ಛಲೋ ಅದಾವ ನೋಡವಾ, ನೀ ರೆಕಾರ್ಡ್ ಬರಿ" ಅಂತ ಲ್ಯಾಬಿನ ಸರ್ ಈಕಿನ್ನ ಮೂಲ್ಯಾಗಿನ ಸ್ಟೂಲಿಗೆ ಕುಂದ್ರಸ್ತಿದ್ರು. ಅಕ್ಷರ ಛಲೋ ಇದ್ದದ್ದ ತಪ್ಪಾತು! ರುದ್ರೇಶಗೇನು ಬೆರಳು ಹೆಚ್ಚಿದ್ವೇನು? ಈಕಿ ತನ್ನೂರು ಸಿದ್ದಾಪುರದಿಂದ ದಿನಾ ಬಸ್ಸಿನಾಗ ಜೋತಾಡಿಕೋತ ಬರೋದು ಇದಕ್ಕೇನು?

ಕಡೀ ಪ್ರಾಕ್ಟಿಕಲ್ ಪರೀಕ್ಷಾದಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಇವತ್ತಾದ್ರೂ ಓಡಿಸೇ ತೀರತೀನಿ ಅಂತ ಹಟ ತೊಟ್ಟು ಬಂದಿದ್ಲು. ಹಾಳಿ ಮ್ಯಾಲೆ ಪ್ರೋಗ್ರಾಂ ಬರದು ಮುಗಸೂದಕ್ಕೂ ಕರೆಂಟ್ ಹೋಗೂದಕ್ಕೂ ಸರಿ ಆತು. ಜನರೇಟರಿನಾಗ ಡೀಸೆಲ್ ಇಲ್ಲಂತ. ಯಾವಾಗ ಇತ್ತು!

ಹೊರಗಿಂದ ಬಂದ ಪರೀಕ್ಷಕರಿಗೆ ಹೊಸಪೇಟೆ ಬಸ್ಸಿನ ಅವಸರ. "ಔಟ್‌ಪುಟ್ಟನ್ನೂ ಹಾಳ್ಯಾಗ ಬರದುಬಿಡ್ರಿ. ಎಲ್ಲಾರಿಗೂ ಪೂರ್ತಿ ಮಾರ್ಕ್ಸ್" ಅಂದ್ರು. ಉಳದವರೆಲ್ಲಾ ಖುಷಿಲೆ ಬರದು ಎದ್ದು ಹೋದ್ರು. ಮಹೇಶ್ವರಿಗೆ ಮೈಯೆಲ್ಲಾ ಉರೀತು.

"ಔಟ್‌ಪುಟ್ ನಾ ಹ್ಯಾಂಗ ಬರೀಲ್ರಿ ಸರ್? ಅದನ್ನ ಕಂಪ್ಯೂಟರ್ ಹೇಳಬೇಕಲ್ರಿ."

"ಯಾಕ, ಬಾಯಿಪಾಠ ಇಲ್ಲೇನು?" ಲ್ಯಾಬಿನ ಸರ್ ನಡುವ ಬಾಯಿ ಹಾಕಿದ್ರು.

"ಐತ್ರಿ. ಮೂರು ವರ್ಷ ಅದನ್ನ ಕಲಿಸೀರಿ. ಅಡಗಿ ಬಾಯಿಪಾಠ ಮಾಡಿಸಿ ಒಲಿ ಮುಂದ ಬರಗೊಡಲಿಲ್ಲ!"

ಲ್ಯಾಬಿನ ಸರ್ ಕಣ್ಣು ಕೆಕ್ಕರಿಸಿದ್ರು. ಪರೀಕ್ಷಕರು ಸಿಟ್ಟಿಲೆ ಆಕಿ ಹೆಸರಿನ ಮುಂದೂ ಪೂರ್ತಿ ಮಾರ್ಕ್ಸ್ ಗೀಚಿ, "ತೊಗೋ ನಮ್ಮವ್ವ, ನಿನಗೂ ಕೊಟ್ಟೀನಿ, ನಡಿ" ಅಂದ್ರು. ಆಕಿ ಜಗ್ಗಲಿಲ್ಲ. ಪರೀಕ್ಷಾದ ವ್ಯಾಳ್ಯಾ ಇನ್ನೂ ಐತ್ರಿ ಅಂದು ಕುಂತ ಜಾಗಾ ಬಿಟ್ಟು ಏಳಲಿಲ್ಲ. ಆಕಿ ಏಳೂತನಕ ಪರೀಕ್ಷಕರೂ ಹೋಗೂಹಂಗಿಲ್ಲ.

ಅಂತೂ ಕರೆಂಟ್ ಬಂತು. ಒಂದೊಂದು ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡಿ ಓಡಿಸಿದ್ಲು. ಎಲ್ಲಿ ಓಡತೈತಿ! ಪರದೆ ತುಂಬ ಎರರ್.

ಪರೀಕ್ಷಕರು ಚೀಲ ಹೆಗಲಿಗೇರಿಸಿ ನಕ್ಕರು. "ನೋಡಿದೇನವಾ? ಹಾಳ್ಯಾಗ ಬರದಿದ್ರ ಮರ್ಯಾದಿ ಉಳೀತಿತ್ತು. ಏಳು, ಮಾರ್ಕ್ಸ್ ಹಾಕಿ ಆಗೈತಿ."

ಹುಡುಗಿ ಕಣ್ಣಾಗ ನೀರು ಬಂತು. ಅಳು ಅಲ್ಲ, ಸಿಟ್ಟು. ಕೈ ಮಾತ್ರ ಕೀಬೋರ್ಡ್ ಬಿಡಲಿಲ್ಲ.

"ಆ ಮಾರ್ಕ್ಸ್ ಹೊಡದು ಹಾಕ್ರಿ ಸರ್, ಅವು ನನ್ನವಲ್ಲ. ಈ ತಪ್ಪು ನಂದು. ಇದನ್ನ ತಿದ್ದೇ ಏಳತೀನಿ."