ಎಂಟು ಕೋರ್‌ನ ಓರಗಿತ್ತಿ

ನನ್ನ ಓರಗಿತ್ತಿಯ ಫೋನಿಗೆ ಎಂಟು ಕೋರ್, ನನ್ನದಕ್ಕೆ ನಾಲ್ಕು; ಕೋರ್ ಹೆಚ್ಚಿದ್ದಷ್ಟೂ ಫೋನು ಚುರುಕಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಅವಳ ಮಡಿಲಲ್ಲಿ ನಿದ್ದೆಹೋಗುವುದಕ್ಕೆ ಇದೇ ಕಾರಣ ಎಂದು ಮೂರು ತಿಂಗಳು ನಂಬಿದ್ದೆ.

ನಾವಿಬ್ಬರೂ ದೊಡ್ಡಾಸ್ಪತ್ರೆಯ ಲಾಂಡ್ರಿಯವರು. ರಕ್ತ, ಕೀವು ಹತ್ತಿದ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಯಂತ್ರಕ್ಕೆ ಕೊಟ್ಟು ಮಡಚುವವರು. ಬೆಳಗಿನ ಪಾಳಿ ಸಿಕ್ಕರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಸಿಗದಿದ್ದರೆ ಎರಡಕ್ಕೆ ಶುರು, ಮನೆ ಸೇರುವಷ್ಟರಲ್ಲಿ ಮಗು ಮಲಗಿರುತ್ತದೆ. ಮೊದಲು ಗೋಡೆಯ ಮೇಲೊಂದು ಪಟ್ಟಿ ಇತ್ತು, ಎಲ್ಲರಿಗೂ ಸರದಿ ಬರುತ್ತಿತ್ತು. ಮೇಲಿನವರು ಅದನ್ನು ಕಿತ್ತೆಸೆದು ಆಪ್ ತಂದರು. ದಿನಾ ಎರಡು ಗಂಟೆಗೆ ಮರುದಿನದ ಬೆಳಗಿನ ಆರು ಜಾಗ ಅದರಲ್ಲಿ ತೆರೆಯುತ್ತವೆ. ಹೆಂಗಸರು ಮೂವತ್ತು. ಮೊದಲು ಒತ್ತಿದವಳಿಗೆ ಜಾಗ. "ಇನ್ಮೇಲೆ ಎಲ್ಲರಿಗೂ ಸಮಾನ ಅವಕಾಶ" ಎಂದ ಮ್ಯಾನೇಜರು, ನಮ್ಮ ನಮ್ಮ ಬೆರಳುಗಳ ನಡುವೆ ಬೆಂಕಿ ಹಚ್ಚಿ ತಣ್ಣಗೆ ಏಸಿ ಕೋಣೆಗೆ ನಡೆದರು.

ಓರಗಿತ್ತಿಗೆ ದಿನಾ ಬೆಳಗಿನ ಪಾಳಿ. ಮಗಳ ಲೆಕ್ಕ, ಕಾಪಿ ಬರಹ, ಜಡೆ, ಜ್ವರ ಎಲ್ಲ ಚಿಕ್ಕಮ್ಮನದೇ. ಒಂದು ರಜಾದಿನ ನಾನು ತುತ್ತು ಕೊಡಲು ಹೋದರೆ, "ಚಿಕ್ಕಮ್ಮ ಇಷ್ಟು ದೊಡ್ಡದು ಮಾಡಲ್ಲ" ಎಂದು ಮುಖ ತಿರುಗಿಸಿದಳು. ಆ ತುತ್ತು ನಾನೇ ತಿಂದೆ.

ಫೋನ್ ಮಾರುವ, ರಿಪೇರಿ ಮಾಡುವ ಅಂಗಡಿಯವನನ್ನು ಕೇಳಿದೆ. "ಎಂಟು ಕೋರಿಂದು ಎಷ್ಟಾಗುತ್ತೆ?"

"ಬೇಡಮ್ಮ. ಕೊಟ್ಟಿಗೇಲಿ ಎಂಟು ಎತ್ತು ಇದ್ದರೇನು, ಒಂದು ಬಟನ್ ಒತ್ತೋಕೆ ನೊಗಕ್ಕೆ ಬರೋದು ಒಂದೋ ಎರಡೋ. ಮಿಕ್ಕಿದ್ದು ಮೆಲುಕು ಹಾಕ್ತಾ ಇರುತ್ತೆ."

ಮಾರುವವನೇ ಬೇಡ ಎಂದರೆ ಯಾರು ನಂಬುತ್ತಾರೆ? ಅವಳು ಇವನಿಗೂ ಏನೋ ಹೇಳಿಕೊಟ್ಟಿದ್ದಾಳೆ ಎಂದುಕೊಂಡೆ.

ಕೊನೆಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರೋ ಅವಳ ಕೈಗುಣ ಹೊಗಳಿದ್ದಕ್ಕೆ ಎಲ್ಲರೆದುರೇ ನಾಲಿಗೆ ಹರಿಬಿಟ್ಟೆ.

"ಕೈಗುಣ ಅಲ್ಲಮ್ಮ, ಕಾಸಿನ ಗುಣ! ಆ ಫೋನಿದ್ದರೆ ಕುರುಡಿಯೂ ಗೆಲ್ತಾಳೆ."

"ಹಾಗಾದ್ರೆ ತಗೋ ಅಕ್ಕ," ಎಂದು ಅವಳು ಫೋನನ್ನೇ ನನ್ನ ಕೈಗಿಟ್ಟಳು. "ನಿನ್ನದು ಕೊಡು. ಇವತ್ತು ಅದಲುಬದಲು."

ಇಬ್ಬರೂ ನಮ್ಮ ನಮ್ಮ ಹೆಸರಲ್ಲಿ ಆಪಿಗೆ ಹೊಕ್ಕೆವು. ಮೂವತ್ತು ತಲೆ ಬಗ್ಗಿದವು. ಎರಡಕ್ಕೆ ಅರೆನಿಮಿಷ ಇರುವಾಗ, ದಿನಾ ನನ್ನ ಫೋನಿಗೆ ಮಾಡುವಂತೆಯೇ, ತೆರೆದಿದ್ದ ಆಪ್‌ಗಳನ್ನೆಲ್ಲ ಮೇಲಕ್ಕೆ ಉಜ್ಜಿ ಬಿಸಾಕಿದೆ. ಮೇಜು ಖಾಲಿ ಮಾಡದೆ ಹೊಸ ಗಂಟು ಬಿಚ್ಚಬಾರದು ಎಂಬುದು ಲಾಂಡ್ರಿಯಲ್ಲಿ ಕಲಿತ ಮೊದಲ ಪಾಠ. ಎರಡಾಯಿತು. ಒತ್ತಿದೆ. ಆಪ್ ತನ್ನ ಚಿತ್ರ ತೋರಿಸಿತು, ಗಾಲಿ ತಿರುಗಿಸಿತು, ಬಾಗಿಲು ತೆರೆಯಿತು. ಆರು ಜಾಗವೂ ಹೋಗಿದ್ದವು.

ನನ್ನ ನಾಲ್ಕು ಕೋರಿನ ಮುದಿ ಫೋನ್ ಹಿಡಿದಿದ್ದ ಓರಗಿತ್ತಿಗೆ ಬೆಳಗಿನ ಪಾಳಿ.

ಮೂಲೆಯಿಂದ ಯಾರೋ ಕಿಸಕ್ಕೆಂದರು. "ಕುರುಡಿಯೂ ಗೆಲ್ತಾಳೆ ಅಂದ್ರಲ್ಲ!"

"ಅಕ್ಕ, ನೀನು ಎಲ್ಲ ಉಜ್ಜಿ ಹಾಕಿದ್ರೆ ಅದು ಮೊದಲಿಂದ ಎದ್ದು ಬರಬೇಕು," ಎಂದಳು ಅವಳು, ಮೆಲ್ಲಗೆ. "ನಾನು ಆಪ್ ತೆರೆದೇ ಇಟ್ಟಿರ್ತೀನಿ. ಅಷ್ಟೇ."

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು?"

"ನೀನು ಕೇಳಿದ್ದು ಯಾವಾಗ? ಮೂರು ತಿಂಗಳಿಂದ ನನ್ನ ಮುಖಾನೇ ನೋಡಿಲ್ಲ."

ಮರುದಿನ ನನ್ನದೇ ಫೋನಿನಲ್ಲಿ ಆಪ್ ತೆರೆದಿಟ್ಟು, ಎರಡಕ್ಕೆ ಸರಿಯಾಗಿ ಒತ್ತಿದೆ. ಸಿಕ್ಕಿತು! ಪಕ್ಕದಲ್ಲಿ ಓರಗಿತ್ತಿ ಎಂಟು ಕೋರ್ ಹಿಡಿದು ಬರಿಗೈಯಲ್ಲಿ ನಿಂತಿದ್ದಳು. ಹಬೆಯಲ್ಲಿ ಬೆಂದ ಆ ಮುಖ ಕಂಡು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಏಕೆ ಸುಳ್ಳು ಹೇಳಲಿ? ಮ್ಯಾನೇಜರ ಮುಖ ನನಗೆ ನೆನಪೂ ಆಗಲಿಲ್ಲ.

ಅದರ ಮಾರನೆಯ ಸಂಜೆ ಬಾಗಿಲಲ್ಲಿ ಕಾದು ನಿಂತೆ. ಮಗಳು ಚೀಲ ಎಸೆದು ನನ್ನನ್ನು ದಾಟಿ ಒಳಗೋಡಿದಳು. ಅಡುಗೆಮನೆ ನೋಡಿದಳು, ಹಿತ್ತಲು ನೋಡಿದಳು.

"ಚಿಕ್ಕಮ್ಮ ಎಲ್ಲಿ?"

"ಕೆಲಸಕ್ಕೆ ಹೋಗಿದ್ದಾಳೆ ಪುಟ್ಟಿ. ಇವತ್ತು ನಾನಿದ್ದೀನಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನೆಂಟರನ್ನು ನೋಡುವ ಹಾಗೆ.

"ನಾಳೆ ನೀನು ಹೋಗ್ತೀಯ ತಾನೇ?"

ಆಗಲೇ ಎರಡು ಗಂಟೆಗೆ ನಾಳಿನ ಜಾಗವನ್ನೂ ನಾನೇ ಹಿಡಿದಿದ್ದೆ.