ಕಿಟಕಿ ಪಕ್ಕದ ಜಾಗ

ಕೈಕೆಲಸದವರನ್ನ ಉದ್ಧಾರ ಮಾಡ್ತೀವಿ ಅಂತ ಕಂಪನಿಯವರು ನಮ್ಮೂರಿಗೆ ಬಂದಾಗ ನಾನು ಮೂಗು ಮುರಿದಿದ್ದೆ. ಟೋಪಿ ಹಂಚಿದರು, ಭಾಷಣ ಬಿಗಿದರು, ಫೋಟೊ ಹೊಡೆಸಿಕೊಂಡರು. ಕೊನೆಗೆ ಎಲ್ಲರ ಕಣ್ಣು ಪರೀಕ್ಷೆ ಮಾಡಿಸಿ, ನಮ್ಮತ್ತೆಗೊಂದು ಕನ್ನಡಕ ಕೊಟ್ಟು ಹೋದರು.

ಬುಟ್ಟಿ ಹೆಣೆಯೋದರಲ್ಲಿ ನಮ್ಮನೇಲಿ ಅತ್ತೆಯದೇ ದರ್ಬಾರು. ಇರೋ ಒಂದೇ ಕಿಟಕಿಯ ಪಕ್ಕ ಅವರು, ಕತ್ತಲ ಮೂಲೆಯಲ್ಲಿ ನಾನು. ಮದುವೆಯಾಗಿ ಬಂದಾಗಿನಿಂದ "ನಿನ್ನ ಬುಟ್ಟಿ ಸೊಟ್ಟ" ಅಂತ ದಿನಾ ಮಂಗಳಾರತಿ.

ಅವತ್ತು ಕನ್ನಡಕ ಹಾಕ್ಕೊಂಡು ನನ್ನ ಬುಟ್ಟಿಯನ್ನ ತಿರುಗಿಸಿ ನೋಡಿದರು. ಆಮೇಲೆ ತಮ್ಮದನ್ನ. ನನ್ನದು ನೆಟ್ಟಗಿತ್ತು, ಅವರದು ಒಂದು ಕಡೆ ವಾಲಿತ್ತು. ನನಗಿದು ಯಾವತ್ತೋ ಗೊತ್ತಿತ್ತು.

"ಇಷ್ಟು ದಿನ ಯಾಕೇ ಬಾಯಿ ಮುಚ್ಕೊಂಡಿದ್ದೆ?"

"ನಿಮ್ಮ ಬುಟ್ಟಿ ಸೊಟ್ಟ ಅಂತ ಹೇಳಿ ಈ ಮನೇಲಿ ಬಾಳೋಕಾಗ್ತಿತ್ತಾ ಅತ್ತೆ?"

ಮುಖ ಗಂಟು ಹಾಕಿಕೊಂಡರು. ಇನ್ನು ಬೈಗುಳ ಶುರು ಅಂದುಕೊಂಡೆ. ಅವರು ಮೊಣಕಾಲು ಹಿಡಿದುಕೊಂಡು ಎದ್ದು, ತಮ್ಮ ಚಾಪೆ ಎಳೆದುಕೊಂಡು ನನ್ನ ಮೂಲೆಗೇ ಬಂದರು.

"ಏಳೇ, ಕಿಟಕಿ ಹತ್ರ ಹೋಗಿ ಕೂತ್ಕೋ. ನಿನ್ನ ಕಣ್ಣಾದ್ರೂ ಉಳೀಲಿ."