ಸ್ಟೇನಾರ್‌ನ ಧ್ವನಿಕಡತ

ತಂತ್ರಾಂಶ ಹದಿನೇಳನೆಯ ಸಲ ಕುಸಿದದ್ದು ಬುಧವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ. ಎಕ್ಸ್‌ರೇ ವಿಭಾಗದ ವೈದ್ಯ ಸ್ಟೇನಾರ್ ಯಾರದೋ ಶ್ವಾಸಕೋಶದ ಚಿತ್ರ ನೋಡುತ್ತ ಮೈಕಿನಲ್ಲಿ ವರದಿ ಹೇಳುತ್ತಿದ್ದ. ವಾಕ್ಯ ಅರ್ಧದಲ್ಲಿರುವಾಗ ಪರದೆ ಬಿಳಿಚಿಕೊಂಡು ನಿಂತಿತು. ನಾನು ಅವನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

"ನೋಡಿದ್ಯಾ ಯೆಪ್ಪೆ? ನೀನು ಕಾವಲು ಕೂತಿದ್ರೂ ಇದಕ್ಕೊಂದು ಹೆದರಿಕೆ ಇಲ್ಲ," ಎಂದ.

ಯೆಪ್ಪೆ ಎಂಬುದು ನನ್ನ ಹೆಸರು, ಆಸ್ಪತ್ರೆಯ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ವೈದ್ಯರ ಮಾತನ್ನು ತಾನೇ ಬರಹವಾಗಿಸುವ ಈ ತಂತ್ರಾಂಶದ ಹತ್ತು ವಾರಗಳ ಪರೀಕ್ಷೆ ಜನವರಿಯಲ್ಲಿ ಶುರುವಾಗಿ ಆ ಶುಕ್ರವಾರಕ್ಕೆ ಮುಗಿಯುವುದಿತ್ತು. ಅದು ತೇರ್ಗಡೆಯಾದರೆ, ಇಷ್ಟು ವರ್ಷ ವರದಿಗಳನ್ನು ಕೇಳಿ ಟೈಪ್ ಮಾಡುತ್ತಿದ್ದ ನಾಲ್ವರು ಸೆಕ್ರೆಟರಿಗಳ ಹುದ್ದೆ ಜೂನ್ ತಿಂಗಳಿಗೆ ಕೊನೆ. ಅವರಲ್ಲಿ ಹಿರಿಯಳು ಯೊನ್ನಾ. ಮೂವತ್ತೊಂದು ವರ್ಷದ ನೌಕರಿ, ನಿವೃತ್ತಿಗೆ ಇನ್ನೂ ಆರು ವರ್ಷ. ಡೆನ್ಮಾರ್ಕಿನ ನಮ್ಮಂಥ ಸಣ್ಣ ಊರಿನಲ್ಲಿ ಆ ವಯಸ್ಸಿಗೆ ಬೇರೆ ಕೆಲಸ ಸಿಗುವುದಿಲ್ಲ.

ವಿಭಾಗದ ಮುಖ್ಯಸ್ಥ ಕಾರ್ಸ್ಟೆನ್ ನನ್ನನ್ನು ಕಾಫಿ ಯಂತ್ರದ ಹತ್ತಿರ ಹಿಡಿದುಕೊಂಡ.

"ಹತ್ತು ಜನ ಡಾಕ್ಟರು. ಇವನೊಬ್ಬನಿಗೇ ಯಾಕೆ? ಯಾರೋ ಕೈಯಾಡಿಸ್ತಿದಾರೆ ಅನ್ಸಲ್ವಾ ನಿಂಗೆ?"

"ಯಾರು?"

"ನಾನು ಹೆಸರು ಹೇಳಲ್ಲಪ್ಪ. ಕುರ್ಚಿ ಯಾರ್ದು ಹೋಗುತ್ತೋ ಅವರನ್ನ ನೋಡು." ಸೆಕ್ರೆಟರಿಗಳ ಕೋಣೆಯತ್ತ ಗಲ್ಲ ಎತ್ತಿ ತೋರಿಸಿ ಲೋಟ ತುಂಬಿಸಿಕೊಂಡು ಹೋದ.

ನನಗೆ ಅವನ ಮಾತು ಹಿಡಿಸಲಿಲ್ಲ. ಆದರೆ ತಲೆಯಿಂದ ಹೋಗಲೂ ಇಲ್ಲ. ನಾನು ಮೈಕ್ ಬದಲಿಸಿದ್ದೆ, ಕೇಬಲ್ ಬದಲಿಸಿದ್ದೆ, ಕೊನೆಗೆ ಇಡೀ ಕಂಪ್ಯೂಟರನ್ನೇ ಬದಲಿಸಿದ್ದೆ. ಸ್ಟೇನಾರ್‌ನನ್ನು ಬೇರೆ ಕೋಣೆಯಲ್ಲಿ ಕೂರಿಸಿದರೆ ಅಲ್ಲೂ ಕುಸಿಯಿತು. ಅವನ ಮೇಜಿನಲ್ಲಿ ಬೇರೊಬ್ಬ ವೈದ್ಯ ಕೂತ ದಿನ ಸಂಜೆಯವರೆಗೂ ಏನೂ ಆಗಲಿಲ್ಲ. ಎಂದರೆ ದೋಷ ಯಂತ್ರದಲ್ಲಿರಲಿಲ್ಲ, ಮನುಷ್ಯನ ಜೊತೆ ಓಡಾಡುತ್ತಿತ್ತು. ಅವನು ಐಸ್‌ಲೆಂಡಿನವನು, ಅವನ ಡ್ಯಾನಿಶ್ ನಮಗೇ ಎರಡು ಸಲ ಕೇಳಿದರೆ ಮಾತ್ರ ಅರ್ಥವಾಗುತ್ತದೆ. ಆದರೆ ಉಚ್ಚಾರಣೆಯಿಂದ ಪದಗಳು ತಪ್ಪಬಹುದೇ ಹೊರತು ತಂತ್ರಾಂಶ ಸಾಯುವುದಿಲ್ಲ. ಅದಕ್ಕಿಂತ ವಿಚಿತ್ರವಾದದ್ದು, ದಿನದ ಕೊನೆಗೆ ಉಳಿದ ವರದಿಗಳಿಂದ ಲೆಕ್ಕ ಹಾಕುವ ಅವನ ಅಂಕಿ: ನೂರಕ್ಕೆ ತೊಂಬತ್ತೇಳು ಪದ ಸರಿ. ಹತ್ತು ಜನರಲ್ಲಿ ಅವನದೇ ಎಲ್ಲಕ್ಕಿಂತ ಒಳ್ಳೆಯದು. ಅಷ್ಟು ಚೆನ್ನಾಗಿರಲು ಕಾರಣವೇ ಇರಲಿಲ್ಲ.

ಹದಿನೇಳು ಕುಸಿತಗಳ ದಿನ, ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿದೆ. ಎಲ್ಲವೂ ಬೆಳಿಗ್ಗೆ ಹತ್ತರಿಂದ ಹನ್ನೊಂದು ಅಥವಾ ಮಧ್ಯಾಹ್ನ ಎರಡರಿಂದ ಮೂರು. ಏಳನೆಯ ವಾರದಲ್ಲಿ ಮಾತ್ರ ಒಂದೂ ಇಲ್ಲ. ಆ ವಾರ ಸ್ಟೇನಾರ್ ಐದೂ ದಿನ ಕೆಲಸ ಮಾಡಿದ್ದ. ಅವನ ಅಂಕಿ ಮಾತ್ರ ಎಂಬತ್ತೊಂದಕ್ಕೆ ಇಳಿದಿತ್ತು.

ಏಳನೆಯ ವಾರ ಚಳಿಗಾಲದ ರಜೆ. ಊಟದ ಕೋಣೆಯ ಗೋಡೆಯ ರಜಾಪಟ್ಟಿ ನೋಡಿದೆ. ವಿಭಾಗದಲ್ಲಿ ಆ ಐದೂ ದಿನ ಇಲ್ಲದಿದ್ದವಳು ಒಬ್ಬಳೇ, ಮೊಮ್ಮಕ್ಕಳನ್ನು ಕರೆದುಕೊಂಡು ನಾರ್ವೆಗೆ ಸ್ಕೀ ಆಡಲು ಹೋಗಿದ್ದ ಯೊನ್ನಾ. ಸರ್ವರ್‌ನ ದಾಖಲೆ ತೆಗೆದೆ. ಪ್ರತಿ ವೈದ್ಯನ ಉಚ್ಚಾರಣೆಯ ರೀತಿ ಅವನವನ ಧ್ವನಿಕಡತದಲ್ಲಿ ಶೇಖರವಾಗುತ್ತದೆ. ಸ್ಟೇನಾರ್‌ನ ಧ್ವನಿಕಡತ ದಿನಕ್ಕೆರಡು ಸಲ, ಅವನದೇ ಪಾಸ್‌ವರ್ಡಿನಲ್ಲಿ, ಯೊನ್ನಾಳ ಕಂಪ್ಯೂಟರಿನಿಂದ ತೆರೆದಿತ್ತು. ಒಂದೇ ಕಡತ ಎರಡು ಕಡೆ ತೆರೆದು, ಒಂದು ಕಡೆ ವರದಿ ಹೇಳುತ್ತಿರುವ ಕ್ಷಣದಲ್ಲೇ ಇನ್ನೊಂದು ಕಡೆ ತಿದ್ದಿದ್ದನ್ನು ಉಳಿಸಿದರೆ, ಹೇಳುತ್ತಿರುವ ಕಡೆ ಕುಸಿಯುತ್ತದೆ.

ಮರುದಿನ ಹತ್ತಕ್ಕೆ ಅವಳ ಕೋಣೆಗೆ ಹೋದೆ. ಕಿವಿಗೆ ಹೆಡ್‌ಫೋನ್, ಒಂದು ಕೈಯಲ್ಲಿ ಲಿವರ್ ಪೇಸ್ಟ್ ಹಚ್ಚಿದ, ರೈ ಧಾನ್ಯದ ಕಪ್ಪು ರೊಟ್ಟಿ. ಪರದೆಯ ಮೇಲೆ ಸ್ಟೇನಾರ್‌ನ ವರದಿ.

"ಅಂತೂ ಬಂದ್ಯಲ್ಲ," ಎಂದಳು. "ಮೂರನೇ ವಾರಕ್ಕೇ ಬರ್ತೀಯ ಅಂದ್ಕೊಂಡಿದ್ದೆ. ನಿನ್ನನ್ನ ಸ್ವಲ್ಪ ಚುರುಕು ಅಂತ ತಿಳ್ಕೊಂಡಿದ್ದೇ ತಪ್ಪಾಯ್ತು."

"ಏನು ಮಾಡ್ತಿದೀಯ ಯೊನ್ನಾ?"

"ಅದು ತಪ್ಪು ಬರ್ದಿದ್ದನ್ನ ತಿದ್ತೀನಿ. ಅವನ ದನಿ ಕೇಳಿ, ಇದು ಈ ಪದ ಅಂತ ಅದಕ್ಕೆ ಕಲಿಸ್ತೀನಿ. ಮೊದಲೆರಡು ದಿನ ಅವನ ಒಂದೊಂದು ವರದೀಲೂ ಇಪ್ಪತ್ತು ತಪ್ಪು. ಕಾರ್ಸ್ಟೆನ್ ಎಲ್ಲರೆದುರು ಓದಿ ನಗಿಸ್ತಿದ್ದ. ಪಾಸ್‌ವರ್ಡ್ ಕೇಳ್ದೆ, ಕೊಟ್ಟ."

"ನಿನ್ನ ಕೆಲಸ ತೆಗೆಯೋ ಯಂತ್ರಕ್ಕೆ ನೀನೇ ಪಾಠ ಹೇಳ್ಕೊಡ್ತಿದೀಯ?"

"ಮೂವತ್ತೊಂದು ವರ್ಷ ತಪ್ಪು ವರದಿ ಹೊರಗೆ ಬಿಟ್ಟಿಲ್ಲ ನಾನು."

"ನೀನು ಇಲ್ಲಿ ಉಳಿಸಿದ್ರೆ ಅಲ್ಲಿ ಕ್ರ್ಯಾಶ್ ಆಗುತ್ತೆ."

"ಗೊತ್ತು."

ಅವಳು ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಎರಡನೇ ವಾರವೇ ಗೊತ್ತಾಯ್ತು. ನಾನು ಉಳಿಸಿದ ಕೂಡಲೇ ಆ ಕಡೆಯಿಂದ ಅವನ ಬೈಗುಳ ಕೇಳಿಸೋದು."

"ಹಾಗಿದ್ರೆ ಅವನು ಮನೆಗೆ ಹೋದ್ಮೇಲೆ ಮಾಡ್ಬಹುದಿತ್ತಲ್ಲ?"

"ನಾನು ಮೂರೂವರೆಗೆ ಮನೆಗೆ ಹೋಗೋಳು. ಸಂಬಳ ಇಲ್ದೆ ಸಂಜೆ ಕೂತಿದಾಳೆ ಅಂತ ನಮ್ಮ ಯೂನಿಯನ್ನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ."

ಉತ್ತರ ತಕ್ಷಣ ಬಂತು, ಸಿದ್ಧವಾಗಿಟ್ಟುಕೊಂಡಂತೆ. ನಾನು ಅವಳ ಮುಖವನ್ನೇ ನೋಡಿದೆ.

"ಯಾರಿಗಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ, ಥ್ಯಾಂಕ್ಸ್ ಯೊನ್ನಾ, ಇನ್ಮೇಲೆ ಬೇಡ ಅಂತಿದ್ರು. ಕ್ರ್ಯಾಶ್ ಆದ್ರೆ ಒಬ್ಬ ಬಂದು ನೋಡ್ತಾನೆ. ನೋಡಿದ್ದನ್ನ ಬರೀತಾನೆ." ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ಬರೀತೀಯ ತಾನೇ?"

ಮಧ್ಯಾಹ್ನ ವರದಿ ಬರೆಯಲು ಕೂತೆ. ಕಾರ್ಸ್ಟೆನ್‌ಗೆ ಬೇಕಾಗಿದ್ದದ್ದು ಒಂದೇ ಸಾಲು: ಸಿಬ್ಬಂದಿಯೊಬ್ಬರ ಹಸ್ತಕ್ಷೇಪ. ಅದು ಸುಳ್ಳೇನೂ ಅಲ್ಲ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿದ್ದನ್ನು ಬರೆಯದೆ ಬಿಡುವಂತಿರಲಿಲ್ಲ. ಬರೆದೆ, ಸ್ಟೇನಾರ್ ಒಪ್ಪಿ ಕೊಟ್ಟಿದ್ದನ್ನೂ ಬರೆದೆ. ಅವಳು ದಿನಕ್ಕೆ ಸರಾಸರಿ ಒಂದು ಗಂಟೆ ಐವತ್ತು ನಿಮಿಷ ತಿದ್ದಿದ್ದಳು. ಅವಳಿಲ್ಲದ ವಾರದ ಎಂಬತ್ತೊಂದನ್ನು ಅದರ ಕೆಳಗೇ ಹಾಕಿದೆ. ಅವಳ ಉದ್ದೇಶದ ಬಗ್ಗೆ ಏನೂ ಬರೆಯಲಿಲ್ಲ. ಅದನ್ನು ಅಳೆಯುವ ಸಾಧನ ನನ್ನ ಬಳಿ ಇರಲಿಲ್ಲ.

ಶುಕ್ರವಾರದ ಸಭೆಯಲ್ಲಿ ಕಾರ್ಸ್ಟೆನ್ ಆ ಪುಟವನ್ನು ಎರಡು ಸಲ ಓದಿದ.

"ಹಾಗಾದ್ರೆ ಇವನ ತೊಂಬತ್ತೇಳು..."

"ಯೊನ್ನಾದು," ಎಂದ ಸ್ಟೇನಾರ್. "ನನ್ನದು ಎಂಬತ್ತೊಂದು. ಬೇಕಾದ್ರೆ ಇನ್ನೊಂದ್ಸಲ ಎಲ್ಲರೆದುರು ಓದು."

ಹುದ್ದೆಗಳ ತೀರ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಪಾಸ್‌ವರ್ಡಿಗಾಗಿ ಯೊನ್ನಾಳಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಇನ್ನೊಂದು ಸಿಕ್ಕರೆ ಮನೆಗೆ. ಅವಳು ಅದಕ್ಕೆ ಸಹಿ ಹಾಕಿ, ತನ್ನ ಹೆಸರಿನಲ್ಲೇ ಕಡತ ತೆರೆಯಲು ಅನುಮತಿ ಕೇಳುವ ಅರ್ಜಿಯನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟಳು. ಅರ್ಜಿಯ ಮೇಲಿನ ತಾರೀಕು ಜನವರಿಯದು, ಪರೀಕ್ಷೆಯ ಎರಡನೆಯ ವಾರದ್ದು.